ಹೊಟ್ಟೆಯ ಮೇಲಷ್ಟೇ ಗರಿಯಿದ್ದ ಗೂಬೆ

ಅಕ್ಟೋಬರ್ 1, ಬುಧವಾರ

ಮದುವೆಯಾಗಿ ಇಂದಿಗೆ ಇಪ್ಪತ್ತೈದು ದಿನ. ಅದರಲ್ಲಿ ಹದಿನಾಲ್ಕು ದಿನ ವೇಡ್ ಜೊತೆಗಿದ್ದ, ಹನ್ನೊಂದು ದಿನದಿಂದ ಹಡಗಿನಲ್ಲಿದ್ದಾನೆ. ಆದರೂ ಈ ಸುಪೀರಿಯರ್ ಸರೋವರದ ದಂಡೆಯಲ್ಲಿ ನನ್ನಷ್ಟು ಸುಖಿ ಇನ್ನೊಬ್ಬಳಿಲ್ಲ ಎಂದು ಮೊದಲೇ ಬರೆದಿಟ್ಟುಬಿಡುತ್ತೇನೆ. ಬೆಳಗ್ಗೆ ಎದ್ದ ಕೂಡಲೇ ಅವನ ದಿಂಬನ್ನು ಮಾತಾಡಿಸುತ್ತೇನೆ. ಹಲ್ಲುಜ್ಜಿದ ಮೇಲೆ ನನ್ನ ಬ್ರಶ್ಶನ್ನು ಅವನ ಬ್ರಶ್ಶಿಗೆ ಒರಗಿಸಿಡುತ್ತೇನೆ. ಇದನ್ನು ಯಾರಾದರೂ ಓದಿದರೆ ನಾಚಿಕೆಯಿಂದ ಸತ್ತೇಹೋಗುತ್ತೇನೆ, ಅದಕ್ಕೇ ಈ ಪುಸ್ತಕದ ಜಾಗ ಹಿಟ್ಟಿನ ಡಬ್ಬಿಯ ಹಿಂದೆ.

ಅವನದು ಕಬ್ಬಿಣದ ಅದಿರು ಹೊರುವ ಹಡಗು. ಜನವರಿಯಲ್ಲಿ ಸರೋವರ ಹೆಪ್ಪುಗಟ್ಟಿದ ಮೇಲೆ ಎರಡು ತಿಂಗಳು ರಜೆ. ಅಲ್ಲಿಯವರೆಗೆ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಅದಿರು ತುಂಬಿಕೊಳ್ಳಲು ಈ ಊರಿಗೇ ಬರುತ್ತದೆ. ಆಗ ಬಂದರಿನ ಗೇಟಿಗೆ ಹೋದರೆ ಸ್ವಲ್ಪ ಹೊತ್ತು ನನ್ನವನು ಸಿಗುತ್ತಾನೆ. ಜನವರಿಗೆಂದು ನಮ್ಮ ಕೋಣೆಗೆ ನೀಲಿ ಪರದೆ ಹೊಲಿದಿದ್ದೇನೆ. ಹೊಸ ಹೊದಿಕೆ ಬಿಳಿಯದು. ಆ ಎರಡು ತಿಂಗಳು ನಾವಿಬ್ಬರೇ. ಹಿಮ ಬಾಗಿಲವರೆಗೆ ಬೀಳಲಿ, ಒಬ್ಬರೂ ಬರದಿರಲಿ.

ಇಂದು ಇರ್ಮಾ ಬಂದಿದ್ದರು. ಇರ್ಮಾ ಎಂದರೆ ವೇಡ್‌ನ ಮೊದಲ ಹೆಂಡತಿ ಕಾರಿನ್‌ಳ ತಾಯಿ. ಕಾರಿನ್ ತೀರಿಕೊಂಡಾಗ ಮಗು ಹೆಟ್ಟಿಗೆ ನಾಲ್ಕು ತಿಂಗಳು. ಅಂದಿನಿಂದ ಇರ್ಮಾ ಸಾಕುತ್ತಿದ್ದಾರೆ, ಎರಡು ಬೀದಿ ಆಚೆ. ಹೆಟ್ಟಿಗೆ ಈಗ ಎರಡು ವರ್ಷ ನಾಲ್ಕು ತಿಂಗಳು. ಇರ್ಮಾ ಶಾಲೆಯ ಅಡುಗೆಮನೆಗೆ ಹೋಗುವಾಗ ಎಂಟು ಗಂಟೆಗೆ ಮಗುವನ್ನು ನನ್ನ ಬಳಿ ಬಿಡುತ್ತಾರೆ, ಎರಡೂಕಾಲಿಗೆ ಕರೆದುಕೊಂಡು ಹೋಗುತ್ತಾರೆ. ಆ ಆರು ಗಂಟೆಯಲ್ಲಿ ಹೆಟ್ಟಿ ನನ್ನೊಡನೆ ಈವರೆಗೆ ಆಡಿದ ಮಾತು ಒಂದೇ: "ಬೇಡ."

ಇರ್ಮಾ ಕೋಟು ತೆಗೆಯದೆ ನಿಂತೇ ಹೇಳಿದರು. "ನವೆಂಬರ್ ಐದಕ್ಕೆ ನನ್ನ ಮಂಡಿ ಆಪರೇಷನ್. ಆಮೇಲೆ ಫೆಬ್ರವರಿವರೆಗೆ ಮಗು ಎತ್ಕೊಳ್ಳೋ ಹಾಗಿಲ್ಲವಂತೆ. ಗ್ರೀನ್ ಬೇ ಊರಲ್ಲಿರೋ ನನ್ನ ದೊಡ್ಡ ಮಗಳು ಟ್ರೂಡಿ ಅಲ್ಲಿಗೆ ಕರ್ಕೊಂಡು ಹೋಗ್ತೀನಿ ಅಂತಾಳೆ."

"ನಾನಿದ್ದೀನಲ್ಲ," ಎಂದೆ.

ನನ್ನನ್ನು ಅಂಗಡಿಯಲ್ಲಿ ಕೋಸು ನೋಡುವ ಹಾಗೆ ನೋಡಿದರು. "ಇದ್ದೀಯ. ಹ್ಯಾಲೋವೀನ್ ಕಳೀಲಿ, ಹೇಳ್ತೀನಿ."

ಸಂಜೆ ವೇಡ್ ಫೋನಿನಲ್ಲಿ, "ಎರಡು ವರ್ಷ ಸಾಕಿದೋರು ಅವರು ಕಣೆ. ಅವರು ಹೇಳಿದ ಹಾಗೇ ಆಗ್ಲಿ," ಎಂದ. ಆಗಲಿ. ಆದರೆ ಹೆಟ್ಟಿ ಇಲ್ಲೇ ಉಳಿಯುತ್ತಾಳೆ, ನೋಡುತ್ತಿರಿ. ಅವನ ಮಗಳು ಎಂದರೆ ನನ್ನ ಮಗಳು. ಲೈಬ್ರರಿಯಿಂದ ಒಂದು ಪುಸ್ತಕ ತಂದಿದ್ದೇನೆ: ಪುಟ್ಟ ಮಕ್ಕಳ ಜೊತೆ ಕೂತು ಮಾಡುವ ಹ್ಯಾಲೋವೀನ್ ಕೈಕೆಲಸಗಳು. ಪ್ರತಿ ಚಿತ್ರದಲ್ಲೂ ತಾಯಿ ಮಗು ಕೆನ್ನೆಗೆ ಕೆನ್ನೆ ಒತ್ತಿಕೊಂಡು ನಗುತ್ತಿದ್ದಾರೆ. ಮಕ್ಕಳು ವೇಷ ಹಾಕಿ ಮನೆಮನೆಗೆ ಸಿಹಿ ಕೇಳಲು ಹೋಗುವ ಆ ಸಂಜೆಗೆ ಇನ್ನು ಮೂವತ್ತು ದಿನ ಇದೆ ನನಗೆ.

ಅಕ್ಟೋಬರ್ 2, ಗುರುವಾರ

ಮೇಪಲ್ ಎಲೆಗಳು. ಎಂಥ ಕೆಂಪು, ಎಂಥ ಹಳದಿ. ಇಡೀ ಬೀದಿ ಯಾರದೋ ಮದುವೆಗೆ ಸಿಂಗರಿಸಿಕೊಂಡ ಹಾಗಿತ್ತು. ನಾನು ಎಲೆ ಆರಿಸುತ್ತ ಮುಂದೆ, ಹೆಟ್ಟಿ ಹತ್ತು ಹೆಜ್ಜೆ ಹಿಂದೆ. ನಾನು ನಿಂತರೆ ಅವಳೂ ನಿಲ್ಲುತ್ತಾಳೆ. ಕಾಯುತ್ತೇನೆ, ಅವಳೂ ಕಾಯುತ್ತಾಳೆ.

ಮನೆಗೆ ಬಂದು ಮೇಣದ ಕಾಗದದ ನಡುವೆ ಎಲೆ ಜೋಡಿಸಿ, ಬಣ್ಣದ ಕಡ್ಡಿಯ ಪುಡಿ ಉದುರಿಸಿ, ಮೇಲೊಂದು ಬಟ್ಟೆ ಹಾಸಿ ಇಸ್ತ್ರಿ ಹಾಕಿದೆ. ಬಣ್ಣ ಕರಗಿ ಎಲೆಗಳ ಸುತ್ತ ಹರಡಿತು. ಚರ್ಚಿನ ಕಿಟಕಿಗಾಜಿಗಿಂತ ಚೆಂದ. ಹೆಟ್ಟಿ ಅಷ್ಟೂ ಹೊತ್ತು ಮೇಜಿನ ಕೆಳಗಿದ್ದಳು. ಫೋಟೋ ತೆಗೆದು ವೇಡ್‌ಗೆ ಕಳಿಸಿದೆ, "ನಿನ್ನ ಇಬ್ಬರು ಹುಡುಗಿಯರ ಕೈಚಳಕ" ಎಂದು ಬರೆದು. ಆರು ಗಂಟೆ ಕಾದ ಮೇಲೆ ಒಂದು ಹೃದಯದ ಚಿತ್ರ ಬಂತು. ಸರೋವರದ ನಡುವೆ ಸಿಗ್ನಲ್ ಇರುವುದಿಲ್ಲ.

ಇರ್ಮಾ ಕಿಟಕಿ ನೋಡಿದರು. "ಯಾರು ಮಾಡಿದ್ದು?"

"ನಾನೂ ಹೆಟ್ಟಿನೂ."

"ಓ. ಇಸ್ತ್ರಿ ಹೆಟ್ಟಿ ಹಾಕಿದ್ಲಾ?"

ಅಕ್ಟೋಬರ್ 6, ಸೋಮವಾರ

ಕಾಲಿನ ಗುರುತಿನ ದೆವ್ವ. ಪುಸ್ತಕದಲ್ಲಿ ಎಷ್ಟು ಸುಲಭ. ಮಗುವಿನ ಅಂಗಾಲಿಗೆ ಬಿಳಿ ಬಣ್ಣ ಬಳಿ, ಕಪ್ಪು ಕಾಗದದ ಮೇಲೆ ಒತ್ತು. ಹಿಮ್ಮಡಿಯ ಕಡೆ ಎರಡು ಕಣ್ಣು ಬರೆ, ಬೆರಳುಗಳು ದೆವ್ವದ ಸೆರಗಿನ ಅಂಚಾಗುತ್ತವೆ.

ತಣ್ಣನೆಯ ಬಣ್ಣ ಸೋಕಿದ ಕೂಡಲೇ ಹೆಟ್ಟಿ ಚೀರಿದಳು. ಕೈ ಬಿಡಿಸಿಕೊಂಡು ಓಡಿದಳು. ಅಡುಗೆಮನೆ, ಹಜಾರದ ಕಾರ್ಪೆಟ್ಟು, ನಮ್ಮ ಕೋಣೆ, ಕೊನೆಗೆ ನಮ್ಮ ಮಂಚ. ಹೊದಿಕೆ ಬಿಳಿಯದಾದ್ದರಿಂದ ಬಣ್ಣ ಕಾಣಲಿಲ್ಲ ಎನ್ನಬಹುದಿತ್ತು, ಆದರೆ ದಾರಿಯಲ್ಲಿ ಅವಳು ಕಿತ್ತಳೆ ಬಣ್ಣದ ಡಬ್ಬಿಯನ್ನೂ ತುಳಿದಿದ್ದಳು. ಮಂಚದ ನಡುವೆ ನಿಂತು ಮುಮ್ಮು, ಮುಮ್ಮು ಎಂದು ಅಜ್ಜಿಯನ್ನು ಕೂಗುತ್ತ ಅತ್ತಳು. ನಾನು ಬಾಗಿಲಲ್ಲಿ ನಿಂತು ಅತ್ತೆ. ಹತ್ತಿರ ಹೋದರೆ ಅವಳ ಅಳು ಇನ್ನೂ ಜೋರಾಗುತ್ತಿತ್ತು.

ಇರ್ಮಾ ಬಂದು ಹಜಾರದುದ್ದಕ್ಕೂ ನೋಡಿದರು. "ಹದಿನೇಳು ದೆವ್ವ," ಎಂದು ಎಣಿಸಿದರು. "ಊರಲ್ಲಿ ಯಾರ ಮನೇಲೂ ಇಷ್ಟು ಇರಲ್ಲ ಬಿಡು."

ಹೊದಿಕೆ ಮೂರು ಸಲ ಒಗೆದೆ. ಕಿತ್ತಳೆ ಹೋಗಲಿಲ್ಲ.

ಅಕ್ಟೋಬರ್ 9, ಗುರುವಾರ

ಮಳೆ. ಹೆಟ್ಟಿಗೆ ನೆಗಡಿ, ಬರಲಿಲ್ಲ. ವೇಡ್ ಫೋನ್ ಮಾಡಲಿಲ್ಲ. ಇಬ್ಬರಿಗಾಗುವಷ್ಟು ಸೂಪು ಮಾಡಿ ಎರಡು ಹೊತ್ತೂ ಅದನ್ನೇ ಕುಡಿದೆ. ಇಡೀ ದಿನ ಮಾತಾಡಿದ್ದು ಅಂಚೆಯವನೊಂದಿಗೆ. "ಮಳೆ," ಎಂದ. "ಹೌದು," ಎಂದೆ.

ಅಕ್ಟೋಬರ್ 12, ಭಾನುವಾರ

ನೆನ್ನೆ ಸಂಜೆ ಇರ್ಮಾರ ಹಿತ್ತಿಲಿನ ಸೌನಾದಿಂದ ಹೊಗೆ ಬರುತ್ತಿತ್ತು. ಶನಿವಾರ ಈ ಬೀದಿಗಳಲ್ಲಿ ಎಲ್ಲರ ಹಿತ್ತಿಲಿನಿಂದಲೂ ಬರುತ್ತದೆ. ಮನೆಮಂದಿಯೆಲ್ಲ ಆ ಬಿಸಿ ಕೋಣೆಯಲ್ಲಿ ಹಬೆ ತೆಗೆದುಕೊಂಡು, ಕೆಂಪಗಾಗಿ ಹೊರಬಂದು, ಏಲಕ್ಕಿ ಹಾಕಿದ ಬ್ರೆಡ್ಡು ತಿಂದು ಕಾಫಿ ಕುಡಿಯುತ್ತಾರೆ. ಕರೆಯಬಹುದು ಎಂದು ಟವೆಲ್ಲು ಮಡಿಸಿ ಬಾಗಿಲ ಬಳಿ ಇಟ್ಟುಕೊಂಡಿದ್ದೆ. ಬೆಳಗ್ಗೆ ಅದನ್ನು ಮತ್ತೆ ಕಪಾಟಿಗೆ ಇಟ್ಟೆ.

ಟೊಲೀಡೊದಲ್ಲಿರುವ ಅಮ್ಮನಿಗೆ ಫೋನ್ ಮಾಡಿದೆ. ಹಿಂದೆ ಅಕ್ಕನ ನಗು ಕೇಳಿಸುತ್ತಿತ್ತು, ಅಪ್ಪ ಟಿವಿಯ ಆಟ ನೋಡುತ್ತ ಯಾರನ್ನೋ ಬೈಯುತ್ತಿದ್ದ.

"ದನಿ ಯಾಕೆ ಹೀಗಿದೆ?" ಅಮ್ಮ ಕೇಳಿದಳು.

"ಚೆನ್ನಾಗೇ ಇದ್ದೀನಮ್ಮ."

"ಗಂಡ ಹಡಗಲ್ಲಿ, ಮಗು ಅಜ್ಜಿ ಮನೇಲಿ. ನೀನಲ್ಲಿ ಯಾರಿಗೆ ಕಾವಲು ಕೂತಿದ್ದೀಯ? ಜನವರಿವರೆಗೆ ಬಂದಿರು."

"ಹ್ಯಾಲೋವೀನ್ ಇದೆಯಲ್ಲ," ಎಂದೆ. ಅಮ್ಮನಿಗೆ ಅರ್ಥವಾಗಲಿಲ್ಲ. ಆದರೂ ನಾನು ಸುಖಿ. ವೇಡ್‌ನಂಥವನು ಸಿಕ್ಕಿದ್ದಾನೆ. ದಿಂಬಿನಲ್ಲಿ ಅವನ ವಾಸನೆ ಕಡಿಮೆಯಾಗುತ್ತಿದೆ, ಅಷ್ಟೇ.

ಅಕ್ಟೋಬರ್ 14, ಮಂಗಳವಾರ

ಗೆದ್ದೆ, ಅರ್ಧ ಗೆದ್ದೆ. ಪೇಪರ್ ಪ್ಲೇಟಿನ ಕುಂಬಳಕಾಯಿ. ಪ್ಲೇಟಿಗೆ ಕಿತ್ತಳೆ ಬಣ್ಣ ನಾನೇ ಬಳಿದು ಒಣಗಿಸಿಟ್ಟಿದ್ದೆ. ತ್ರಿಕೋನದ ಕಣ್ಣು, ಮೂಗು, ಹಲ್ಲಿರುವ ಬಾಯಿ, ಎಲ್ಲ ಕಪ್ಪು ಕಾಗದದಲ್ಲಿ ಕತ್ತರಿಸಿಟ್ಟಿದ್ದೆ. ಹೆಟ್ಟಿಯ ಕೆಲಸ ಅಂಟಿಸುವುದಷ್ಟೇ. ಮೇಜಿನ ಕೆಳಗಿನಿಂದ ಹೊರಬಂದು ಕುರ್ಚಿ ಹತ್ತಿದಳು, ತಾನಾಗಿ. ಗೋಂದಿನ ಬಾಟಲಿ ಎರಡೂ ಕೈಯಲ್ಲಿ ಹಿಡಿದು ಒಂದೇ ಜಾಗದಲ್ಲಿ ಕೊಳ ಮಾಡಿದಳು. ಆಮೇಲೆ ಕಣ್ಣು, ಅದರ ಮೇಲೆ ಮೂಗು, ಅದರ ಮೇಲೆ ಇನ್ನೊಂದು ಕಣ್ಣು, ಎಲ್ಲದರ ಮೇಲೆ ಬಾಯಿ. ಅಂಗೈಯಿಂದ ಒತ್ತಿ ಒತ್ತಿ ಕೂರಿಸಿದಳು. ಉಸಿರು ಬಿಗಿಹಿಡಿದು ಮಾಡಿದಳು. ಇರ್ಮಾ ಬಂದಾಗ ಅದನ್ನು ಬಿಟ್ಟು ಹೋಗಲು ಒಪ್ಪಲಿಲ್ಲ. "ನಾಳೆ ಬಾ, ಇಲ್ಲೇ ಇರುತ್ತೆ," ಎಂದೆ.

ಅವಳು ಹೋದ ಮೇಲೆ ಗೋಂದು ಹಸಿಯಿದ್ದಾಗಲೇ ಎಲ್ಲವನ್ನೂ ಬಿಡಿಸಿ ಅವುಗಳ ಜಾಗದಲ್ಲಿ ಕೂರಿಸಿದೆ. ಎಷ್ಟು ಮುದ್ದಾದ ಮುಖ ಬಂತು. ಕಿಟಕಿಗೆ ಅಂಟಿಸಿ ಫೋಟೋ ತೆಗೆದು ವೇಡ್‌ಗೆ ಕಳಿಸಿದೆ. ತಕ್ಷಣವೇ ಉತ್ತರ: "ಇದನ್ನ ಅವಳೇ ಮಾಡಿದ್ಲಾ? ಎರಡು ವರ್ಷಕ್ಕೆ?" ಹೌದೆಂದು ಬರೆದೆ.

ಅಕ್ಟೋಬರ್ 15, ಬುಧವಾರ

ಹೆಟ್ಟಿ ಕೋಟು ಬಿಚ್ಚುವ ಮೊದಲೇ ಕಿಟಕಿಗೆ ಹೋದಳು. ಪ್ಲೇಟಿನ ಮುಂದೆ ನಿಂತಳು. ಬಹಳ ಹೊತ್ತು ನಿಂತಳು. ತನ್ನ ಕುಂಬಳಕಾಯಿ ಹುಡುಕಲು ಕುರ್ಚಿಯ ಕೆಳಗೆ ನೋಡಿದಳು, ಪರದೆಯ ಹಿಂದೆ ನೋಡಿದಳು. ಆಮೇಲೆ ಕಿಟಕಿಯದನ್ನು ಕಿತ್ತು ಎರಡು ತುಂಡು ಮಾಡಿ ನೆಲದ ಮೇಲಿಟ್ಟು ಮೇಜಿನ ಕೆಳಗೆ ಹೋದಳು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.

ಇರ್ಮಾ ಇನ್ನೂ ಬಾಗಿಲಲ್ಲೇ ಇದ್ದರು. "ಅವಳು ಅಂಟಿಸಿದ್ದನ್ನ ನೀನು ಕಿತ್ತಿದ್ಯಾ?"

"ಚೆಂದ ಕಾಣ್ಲಿ ಅಂತ."

"ಯಾರಿಗೆ?"

ಕೆಲಸಕ್ಕೆ ಹೊತ್ತಾಗುತ್ತಿತ್ತು, ಹೋದರು. ನಾನು ಮೇಜಿನ ಹತ್ತಿರ ಕುಳಿತು ಎರಡು ತುಂಡನ್ನೂ ಸೇರಿಸಲು ನೋಡಿದೆ. ಆಮೇಲೆ ಮೇಜಿನ ಕೆಳಗೆ ಬಗ್ಗಿ, "ತಪ್ಪಾಯ್ತು ಹೆಟ್ಟಿ," ಎಂದೆ. ಎರಡು ವರ್ಷದ ಮಗುವಿಗೆ ಕ್ಷಮೆ ಕೇಳಿದರೆ ಅದಕ್ಕೆ ಗೊತ್ತಾಗುತ್ತದೋ ಇಲ್ಲವೋ. "ಬೇಡ," ಎಂದಳು.

ಅಕ್ಟೋಬರ್ 20, ಸೋಮವಾರ

ಇಂದು ಏನೂ ಮಾಡಲಿಲ್ಲ. ಪುಸ್ತಕದ ಪ್ರಕಾರ ಟಾಯ್ಲೆಟ್ ಕಾಗದದ ಕೊಳವೆಯಲ್ಲಿ ಬಾವಲಿ ಮಾಡಬೇಕಿತ್ತು. ಹೆಟ್ಟಿಗೆ ಗೋಂದು ಮಾತ್ರ ಬೇಕಿತ್ತು. ಬಾಟಲಿ ಕೊಟ್ಟೆ. ಎರಡೂ ಅಂಗೈಗೆ ಬಳಿದುಕೊಂಡಳು, ಒಣಗುವವರೆಗೆ ಕೈ ಚಾಚಿ ಕುಳಿತಳು. ಒಣಗಿದ ಮೇಲೆ ಸಿಪ್ಪೆಯ ಹಾಗೆ ಏಳುತ್ತದೆಯಲ್ಲ, ಅದನ್ನು ಸುಲಿಯಲು ಅವಳ ಉಗುರಿಗೆ ಆಗಲಿಲ್ಲ. ಕೈಯನ್ನು ನನ್ನ ಕಡೆ ಚಾಚಿದಳು. ನಾನು ಒಂದು ಚೂರು ಸುಲಿದೆ. ಅದರಲ್ಲಿ ಅವಳ ಹೆಬ್ಬೆರಳಿನ ಗೆರೆಗಳೆಲ್ಲ ಮೂಡಿದ್ದವು. "ಇನ್ನೂ," ಎಂದಳು. ಸುಲಿದೆವು, ಮತ್ತೆ ಬಳಿದೆವು, ಮತ್ತೆ ಕಾದೆವು. ನನ್ನ ಕೈಗೂ ಬಳಿದಳು. ಹೀಗೆ ಊಟದ ಹೊತ್ತಾಗಿದ್ದು ಗೊತ್ತಾಗಲಿಲ್ಲ. ಫೋಟೋ ತೆಗೆಯುವಂಥದ್ದು ಏನೂ ಇರಲಿಲ್ಲ.

ಅಕ್ಟೋಬರ್ 22, ಬುಧವಾರ

ಹಡಗು ಬಂತು. ಸಂಜೆ ನಾಲ್ಕಕ್ಕೆ ಗೇಟಿನ ಹತ್ತಿರ ಇಪ್ಪತ್ತು ನಿಮಿಷ ವೇಡ್ ನನ್ನವನಾಗಿದ್ದ. ಡೀಸೆಲ್ ವಾಸನೆ, ಗಡ್ಡ ಬಂದಿದೆ, ಇನ್ನೂ ಸುಂದರವಾಗಿದ್ದಾನೆ. ಅವನಿಗೆ ಹೇಳಬೇಕಾದ ಹನ್ನೊಂದು ವಿಷಯ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ, ಮೊದಲನೆಯದೇ "ನೀನಿಲ್ಲದೆ ಉಸಿರಾಡಲಾಗುತ್ತಿಲ್ಲ." ಮನೆಗೆ ಬಂದು ಕೋಟಿನ ಜೇಬಿಗೆ ಕೈ ಹಾಕಿದಾಗ ಚೀಟಿ ಮಡಿಸಿದ ಹಾಗೇ ಇತ್ತು. ಗೋಂದು ಸುಲಿಯುವುದನ್ನು ಹೇಳುತ್ತಿದ್ದೆ, ಅಷ್ಟರಲ್ಲಿ ಹೊತ್ತಾಗಿಬಿಟ್ಟಿತು. ಕುಂಬಳಕಾಯಿಯ ಮುಖ ಅವಳು ಮಾಡಿದ್ದಲ್ಲ ಎಂದೂ ಹೇಳಿದೆ.

"ಜನವರಿಗೆ ನಾವಿಬ್ಬರೇ," ಎಂದ, ನನ್ನ ಕೈ ಹಿಡಿದು.

"ಹ್ಞೂಂ. ಅವಳ ಬೆರಳು ಎಷ್ಟು ಚಿಕ್ಕದು ಗೊತ್ತಾ."

ನಕ್ಕ. "ಟ್ರೂಡಿ ಭಾನುವಾರ ಬರ್ತಾಳಂತೆ. ನೀನು ತಲೆ ಕೆಡಿಸ್ಕೋಬೇಡ. ಅವಳು ಕರ್ಕೊಂಡು ಹೋದ್ರೂ ತಪ್ಪಿಲ್ಲ."

ತಪ್ಪಿಲ್ಲ. ಅವನು ಹೋದ ಮೇಲೆ ಗೇಟಿನ ಬಳಿ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ. ಅದಿರು ಹಡಗಿನ ಹೊಟ್ಟೆಗೆ ಸುರಿಯುವ ಸದ್ದು ಊರಿಗೆಲ್ಲ ಕೇಳುತ್ತದೆ.

ಅಕ್ಟೋಬರ್ 26, ಭಾನುವಾರ

ಟ್ರೂಡಿ ಒಳ್ಳೆಯವಳು. ಕೆಟ್ಟವಳಾಗಿದ್ದರೆ ಬರೆಯಲು ಸುಲಭವಾಗುತ್ತಿತ್ತು. ಇರ್ಮಾರ ಮನೆಗೆ ನನ್ನನ್ನೂ ಊಟಕ್ಕೆ ಕರೆದಿದ್ದರು. ಟ್ರೂಡಿಗೆ ಮೂರು ಮಕ್ಕಳು, ಮೂವರೂ ಹೆಟ್ಟಿಯನ್ನು ಕಂಬಳಿಯ ಮೇಲೆ ಕೂರಿಸಿ ಮನೆಯೆಲ್ಲ ಎಳೆದರು. ಹೆಟ್ಟಿ ಹಾಗೆ ನಗುವುದನ್ನು ನಾನು ಕೇಳಿರಲಿಲ್ಲ. ಬಿಕ್ಕಳಿಕೆ ಬರುವವರೆಗೆ ನಕ್ಕಳು.

ಪಾತ್ರೆ ಒರೆಸುವಾಗ ಟ್ರೂಡಿ ಪಿಸುದನಿಯಲ್ಲಿ, "ನಿಮ್ಮದು ಹೊಸ ಮದುವೆ. ಈಗಲೇ ನಿಮಗೆ ಯಾಕೆ ಈ ಹೊರೆ? ನಮ್ಮನೇಲಿ ಮೂರರ ಜೊತೆ ನಾಲ್ಕು," ಎಂದಳು.

"ಹೊರೆ ಅಲ್ಲ," ಎಂದೆ.

"ನೀವು ತುಂಬ ಒಳ್ಳೇವರು," ಎಂದಳು, ನನ್ನ ತೋಳು ತಟ್ಟಿ. ಅಂದರೆ ಮಾತು ಮುಗಿಯಿತು ಎಂದರ್ಥ.

ಇರ್ಮಾ ಏನನ್ನೋ ತರಲು ಮಹಡಿಗೆ ಹೋದರು. ಅವರ ಮಲಗುವ ಕೋಣೆ, ಬಚ್ಚಲು ಎಲ್ಲ ಮೇಲೆ. ಒಂದು ಮೆಟ್ಟಿಲಿಗೆ ಎರಡೂ ಕಾಲಿಟ್ಟು ಹತ್ತುತ್ತಿದ್ದರು. ನಡುವೆ ಒಮ್ಮೆ ಕುಳಿತುಬಿಟ್ಟರು. ಹೆಟ್ಟಿ ಕೆಳಗಿನಿಂದ ಕೈ ಚಾಚಿ, "ಎತ್ಕೋ ಮುಮ್ಮು," ಎಂದಳು. ಇರ್ಮಾ ಕೇಳಿಸದವರ ಹಾಗೆ ಗೋಡೆ ನೋಡಿದರು.

ಮನೆಗೆ ಬಂದೆ. ಇಷ್ಟು ಸಣ್ಣ ಮನೆ ಇಷ್ಟು ಖಾಲಿ ಹೇಗಿರುತ್ತದೆ. ಹೆಟ್ಟಿಗೆ ಹ್ಯಾಲೋವೀನ್ ವೇಷ ನಾನೇ ಹೊಲಿಯುತ್ತೇನೆಂದು ಹೇಳಿದ್ದೆ, ಗೂಬೆ. ಕಂದು, ಕೆನೆ, ಬೂದು ಬಣ್ಣದ ದಪ್ಪ ಉಣ್ಣೆಬಟ್ಟೆಯಲ್ಲಿ ಒಂದೊಂದೇ ಗರಿ ಕತ್ತರಿಸಿ ಸಾಲಾಗಿ ಅಂಟಿಸುತ್ತಿದ್ದೇನೆ. ನೂರ ನಲವತ್ತು ಗರಿ ಬೇಕು. ಇಂದು ಅರವತ್ತು ಆಯಿತು.

ಅಕ್ಟೋಬರ್ 30, ಗುರುವಾರ

ಗೂಬೆ ಮುಗಿಯಿತು. ಹೆಟ್ಟಿಗೆ ತೊಡಿಸಿದೆ, ಬೇಡ ಅನ್ನಲಿಲ್ಲ. ಮೈಗೆ ಅಚ್ಚು ಹೊಯ್ದ ಹಾಗೆ ಕೂತಿತು. ಕನ್ನಡಿಯ ಮುಂದೆ ತೋಳೆತ್ತಿ ಇಳಿಸಿ, ಎತ್ತಿ ಇಳಿಸಿ, ಗರಿ ಅಲುಗುವುದನ್ನು ನೋಡಿಕೊಂಡಳು. ನನ್ನ ಜೀವನದಲ್ಲಿ ಇಷ್ಟು ಚೆಂದದ್ದನ್ನು ನಾನು ಮಾಡಿಲ್ಲ.

ಇರ್ಮಾ ಕಂಕುಳ ಹತ್ತಿರ ಬೆರಳು ಹಾಕಿ ಹೊಲಿಗೆ ನೋಡಿದರು. "ಚೆನ್ನಾಗಿದೆ," ಎಂದರು. "ನಾಳೆ ನೋಡೋಣ."

ಅಕ್ಟೋಬರ್ 31, ಶುಕ್ರವಾರ

ಬೆಳಗ್ಗೆ ಎದ್ದರೆ ಹಿಮ. ಗೇಣು ಎತ್ತರ, ಇನ್ನೂ ಬೀಳುತ್ತಲೇ ಇತ್ತು. ಹ್ಯಾಲೋವೀನ್ ದಿನ ಹಿಮ. ಟೊಲೀಡೊದಲ್ಲಿ ಆ ದಿನ ನಾವು ಸ್ವೆಟರ್ ಹಾಕಿಕೊಂಡರೆ ಹೆಚ್ಚು.

ಸಂಜೆ ಐದಕ್ಕೆ ಮಕ್ಕಳು ಮನೆಮನೆಗೆ ಹೊರಡುವ ಹೊತ್ತು. ಇರ್ಮಾ ಹೆಟ್ಟಿಯನ್ನು ಕರೆತಂದರು. ಅವಳು ಕೆಂಪು ಹಿಮದುಡುಪಿನೊಳಗೆ ಉರುಟಾಗಿ, ಕೈ ಇಳಿಸಲಾಗದೆ ನಿಂತಿದ್ದಳು. ಹತ್ತಿ ತುಂಬಿದ ಆ ದಪ್ಪ ಉಡುಪಿನ ಮೇಲೆ ನನ್ನ ಗೂಬೆ ಭುಜದಿಂದ ಕೆಳಗೆ ಇಳಿಯಲೇ ಇಲ್ಲ. ಎಳೆದೆ, ಹೊಲಿಗೆ ಚಟ್ ಎಂದಿತು. ಬೀದಿಯಲ್ಲಿ ಹೋಗುತ್ತಿದ್ದ ಮಕ್ಕಳನ್ನು ಕಿಟಕಿಯಿಂದ ನೋಡಿದೆ. ಪ್ರತಿಯೊಂದು ವೇಷವೂ ಎರಡು ಅಳತೆ ದೊಡ್ಡದು. ಕೆಳಗೆ ಹಿಮದುಡುಪು, ಮೇಲೆ ರಾಜಕುಮಾರಿ. ಕೆಳಗೆ ಹಿಮದುಡುಪು, ಮೇಲೆ ಹುಲಿ. ಈ ಊರಿನಲ್ಲಿ ಹ್ಯಾಲೋವೀನ್ ವೇಷಕ್ಕೆ ಅಳತೆ ತೆಗೆದುಕೊಳ್ಳುವುದು ಮಗುವಿನದಲ್ಲ, ಹಿಮದುಡುಪಿನದು. ಹುಟ್ಟಿದ ಕೂಸಿಗೂ ಇದು ಗೊತ್ತು.

"ನಿಮಗೆ ನೆನ್ನೇನೇ ಗೊತ್ತಿತ್ತು," ಎಂದೆ.

"ಗೊತ್ತಿತ್ತು."

"ಯಾಕೆ ಹೇಳಲಿಲ್ಲ?"

"ನೀನೇನ್ ಮಾಡ್ತೀಯ ನೋಡ್ಬೇಕಿತ್ತು."

ಕೋಪ ಬಂತು. ಅಷ್ಟು ಕೋಪ ನನಗೆ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಬಾಯಿ ತೆರೆದರೆ ಏನು ಬರುತ್ತದೋ ಎಂದು ಕತ್ತರಿ ತೆಗೆದುಕೊಂಡು ಮೇಜಿನ ಮೇಲೆ ಗೂಬೆಯನ್ನು ಬೆನ್ನಿನುದ್ದಕ್ಕೂ ಸೀಳಿದೆ. ಗರಿಗಳನ್ನು ಒಂದೊಂದಾಗಿ ಕಿತ್ತು ರಾಶಿ ಹಾಕಿದೆ. ಹೆಟ್ಟಿ ನೋಡುತ್ತಿದ್ದಳು. ಗೋಂದಿನ ಬಾಟಲಿ ಅವಳ ಕೈಗೆ ಕೊಟ್ಟೆ. "ನೀನೇ ಅಂಟಿಸು," ಎಂದೆ.

ತನ್ನ ಕೆಂಪು ಉಡುಪಿನ ಹೊಟ್ಟೆಯ ಮೇಲೆ ಗೋಂದಿನ ಕೊಳ ಮಾಡಿದಳು. ಗರಿಯ ಮೇಲೆ ಗರಿ, ಅದರ ಮೇಲೆ ಗರಿ, ಎಲ್ಲ ಹೊಟ್ಟೆಯ ಮೇಲೆಯೇ. ಅಂಗೈಯಿಂದ ಒತ್ತಿ ಒತ್ತಿ ಕೂರಿಸಿದಳು. ಬೆನ್ನಿಗೆ ಒಂದೂ ಇಲ್ಲ. ಕೊನೆಯದನ್ನು ತಂದು ನನ್ನ ಹಣೆಗೆ ಅಂಟಿಸಿದಳು. ನಾನು ಒಂದನ್ನೂ ಸರಿಮಾಡಲಿಲ್ಲ. ಹೊತ್ತಾಗಿತ್ತು.

ಮೂವರೂ ಹೊರಟೆವು. ಹಿಮ ತಾಕಿ ಗೋಂದು ಬಿಟ್ಟಿತು, ನಮ್ಮ ಹಿಂದೆ ಬೀದಿಯುದ್ದಕ್ಕೂ ಗರಿ ಉದುರುತ್ತ ಬಂತು. ಮೂರನೇ ಮನೆಯ ಮುದುಕ ಬಗ್ಗಿ ನೋಡಿ, "ಇದೇನು ವೇಷ ಪುಟ್ಟಿ? ಟೊಮೇಟೊಗೆ ಗಡ್ಡ ಬಂದಿದೆಯಾ?" ಎಂದ.

"ಗೂಬೆ," ಎಂದಳು ಹೆಟ್ಟಿ.

"ಗೂಬೆಗೆ ರೆಕ್ಕೆ ಎಲ್ಲಿ?"

ಹೆಟ್ಟಿ ಹೊಟ್ಟೆ ಮುಂದೆ ಮಾಡಿದಳು. ಮುದುಕ ಎರಡು ಚಾಕೊಲೇಟು ಹೆಚ್ಚು ಹಾಕಿದ.

ಪ್ರತಿ ಮನೆಗೂ ಮೆಟ್ಟಿಲಿದೆ. ಇರ್ಮಾ ಕೆಳಗೇ ನಿಲ್ಲುತ್ತಿದ್ದರು. ಆರನೇ ಮನೆಯಲ್ಲಿ ಹಿಮ ತುಂಬಿದ ಮೆಟ್ಟಿಲಿನ ಮೇಲೆಯೇ ಕುಳಿತುಬಿಟ್ಟರು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಹೆಟ್ಟಿಗೂ ದಣಿವಾಗಿತ್ತು, ಅವರ ಹತ್ತಿರ ಹೋಗಿ ಕೈ ಎತ್ತಿದಳು. "ಎತ್ಕೋ ಮುಮ್ಮು."

"ಆಗಲ್ಲ ಚಿನ್ನ."

"ಎತ್ಕೋ."

"ಆಗಲ್ಲ ಅಂದೆನಲ್ಲ," ಎಂದು ಗದರಿದರು. ಹೆಟ್ಟಿ ಅತ್ತಳು. ಇರ್ಮಾ ಕೈಗವಸಿನಿಂದ ಮುಖ ಒರೆಸಿಕೊಂಡರು, ಹಿಮ ಒರೆಸಿಕೊಳ್ಳುವವರ ಹಾಗೆ. ನಾನು ಹೆಟ್ಟಿಯನ್ನು ಎತ್ತಿಕೊಂಡೆ. ಒದೆಯುತ್ತಾಳೆ ಎಂದುಕೊಂಡಿದ್ದೆ. ಒದೆಯಲಿಲ್ಲ, ಆದರೆ ಬಗ್ಗಿ ಇರ್ಮಾರ ಕೋಟಿನ ಭುಜವನ್ನು ಮುಷ್ಟಿಯಲ್ಲಿ ಹಿಡಿದಳು, ಬಿಡಲಿಲ್ಲ. ಇನ್ನೊಂದು ಕೈಯಿಂದ ಇರ್ಮಾರನ್ನು ಎಬ್ಬಿಸಿದೆ. ಮನೆಯವರೆಗೂ ಹಾಗೇ ನಡೆದೆವು, ಒಬ್ಬರಿಗೊಬ್ಬರು ಗಂಟು ಹಾಕಿದ ಹಾಗೆ, ಇರ್ಮಾರ ಕುಂಟು ಹೆಜ್ಜೆಗೆ ಹೆಜ್ಜೆ ಹೊಂದಿಸಿಕೊಂಡು.



ನವೆಂಬರ್ 1, ಶನಿವಾರ

ಬೆಳಗ್ಗೆ ಹತ್ತಕ್ಕೆ ಇರ್ಮಾ ಒಬ್ಬರೇ ಬಂದರು. ಹೆಟ್ಟಿಯನ್ನು ಪಕ್ಕದ ಮನೆಯವರ ಬಳಿ ಬಿಟ್ಟು ಬಂದಿದ್ದರು. ಆಗಲೇ ಉತ್ತರ ಗೊತ್ತಾಯಿತು. ಈ ಸಲ ಕೋಟು ತೆಗೆದು ಕುಳಿತರು.

"ಟ್ರೂಡಿಗೆ ಹ್ಞೂಂ ಅಂದೆ. ಸೋಮವಾರ ಬಂದು ಕರ್ಕೊಂಡು ಹೋಗ್ತಾಳೆ."

ನಾನು ಕಾಫಿ ಬಗ್ಗಿಸಿದೆ.

"ನೀನು ಸರಿಯಿಲ್ಲ ಅಂತಲ್ಲ ಕಣೆ ಹುಡುಗಿ. ನೆನ್ನೆ ನೋಡ್ದೆನಲ್ಲ. ನಿನ್ನ ಹತ್ರ ಬಿಡಬಹುದು." ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಆದ್ರೆ ನಾನು ಎರಡು ಬೀದಿ ಆಚೆ ಇರ್ತೀನಿ. ಎತ್ಕೋ ಅಂತಾಳೆ, ಎತ್ಕೊಳ್ಳಲ್ಲ. ಬಾ ಅಂತಾಳೆ, ಬರಕ್ಕಾಗಲ್ಲ. ಎರಡು ವರ್ಷದ ಕೂಸಿಗೆ ಮಂಡಿ ಅಂದ್ರೇನು ಗೊತ್ತು? ಮುಮ್ಮುಗೆ ನಾನು ಬೇಡವಾದೆ ಅಂತ ತಿಳ್ಕೊಳ್ತಾಳೆ. ದೂರ ಇದ್ರೆ ಮರೀತಾಳೆ. ಮರೆಯೋದೇ ವಾಸಿ. ಮಕ್ಕಳು ಬೇಗ ಮರೀತಾವೆ."

"ಮರೀಬಾರ್ದು," ಎಂದೆ.

"ಏನು?"

"ಅವಳು ನಿಮ್ಮನ್ನ ಮರೀಬಾರ್ದು. ನೀವೂ ಇಲ್ಲಿಗೆ ಬನ್ನಿ. ಈ ಮನೆ ಒಳಗೆ ಒಂದೂ ಮೆಟ್ಟಿಲಿಲ್ಲ. ನೀವು ಕೂತಿರಿ, ನಾನು ಅವಳನ್ನ ಎತ್ತಿ ನಿಮ್ಮ ಪಕ್ಕ ಕೂರಿಸ್ತೀನಿ. ಎಷ್ಟು ಸಲ ಎತ್ಕೋ ಅಂದ್ರೆ ಅಷ್ಟು ಸಲ."

ನನ್ನನ್ನೇ ನೋಡಿದರು. "ಎಲ್ಲಿ ಮಲಗೋದು ನಾನು?"

"ನಮ್ಮ ಕೋಣೇಲಿ. ಬಚ್ಚಲು ಹತ್ರ ಇದೆ. ಹೆಟ್ಟಿ ಮಂಚನೂ ಅಲ್ಲೇ ಹಾಕೋಣ. ನನಗೆ ಹಜಾರದ ಸೋಫಾ ಸಾಕು."

"ವೇಡ್‌ನ ಕೇಳಿದ್ಯಾ?"

"ಇಲ್ಲ."

ಇರ್ಮಾ ಕಾಫಿ ಒಂದು ಗುಟುಕು ಕುಡಿದು ಮುಖ ಹುಳ್ಳಗೆ ಮಾಡಿದರು. "ನಿನ್ನ ಕಾಫಿ ಪಾತ್ರೆ ತೊಳೆದ ನೀರಿನ ಹಾಗಿರುತ್ತೆ."

"ನೀವೇ ಮಾಡ್ಕೊಳ್ಳಿ ಹಾಗಾದ್ರೆ."

"ಮಂಡಿ ಕುಯ್ಸಿಕೊಂಡೋಳು ಒಲೆ ಮುಂದೆ ನಿಂತ್ಕೊಳ್ಳಲಾ?"

"ಕೂತ್ಕೊಂಡು ಹೇಳ್ಕೊಡಿ."

"ಟ್ರೂಡಿಗೆ ಫೋನ್ ನೀನೇ ಮಾಡು," ಎಂದರು ಇರ್ಮಾ. "ಅವಳ ಹತ್ರ ಬೈಸ್ಕೊಳ್ಳೋ ವಯಸ್ಸಲ್ಲ ನಂದು."

ಮಾಡಿದೆ. ಟ್ರೂಡಿ ಬೈಯಲಿಲ್ಲ. ತಡೆದು ತಡೆದು, "ಅಮ್ಮ ಒಪ್ಪಿದ್ಲಾ? ನಮ್ಮಮ್ಮ?" ಎಂದು ಎರಡು ಸಲ ಕೇಳಿದಳು.

ನವೆಂಬರ್ 4, ಮಂಗಳವಾರ

ಇಡೀ ದಿನ ಸಾಗಣೆ. ಇರ್ಮಾರ ದಿಂಬು, ಹೆಟ್ಟಿಯ ಮಂಚ, ಏಲಕ್ಕಿಯ ಡಬ್ಬಿ. ನೀಲಿ ಪರದೆ ತೀರಾ ತೆಳು, ಬೆಳಗ್ಗೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ ಎಂದು ಇರ್ಮಾ ಬದಲಾಯಿಸಿದರು. ಹೊದಿಕೆಯ ಕಿತ್ತಳೆ ಕಲೆ ನೋಡಿ ಏನೂ ಹೇಳಲಿಲ್ಲ, ಆ ಭಾಗವನ್ನು ಮೇಲೆ ಬರುವ ಹಾಗೆ ಹಾಸಿದರು. ನಾಳೆ ಬೆಳಗ್ಗೆ ಆರಕ್ಕೆ ಆಸ್ಪತ್ರೆ. ಬೇಗ ಮಲಗಬೇಕು.

ನವೆಂಬರ್ 9, ಭಾನುವಾರ

ನಾಲ್ಕು ದಿನ ಬರೆಯಲಾಗಲಿಲ್ಲ. ಆಪರೇಷನ್ ಚೆನ್ನಾಗಿ ಆಯಿತು. ಮೊನ್ನೆ ಮನೆಗೆ ಬಂದರು. ನಾಲ್ಕು ಕಾಲಿನ ಊರುಗೋಲಿಗೆ ಹೆಟ್ಟಿ ಗೋಂದು ಬಳಿದಿದ್ದಾಳೆ. ಇರ್ಮಾ ಮಂಚದಿಂದಲೇ ಇಡೀ ಮನೆ ನಡೆಸುತ್ತಾರೆ. ಕಾಫಿಗೆ ಪುಡಿ ಎಷ್ಟು ಹಾಕಬೇಕೆಂದು ಮೂರು ದಿನದಿಂದ ಕೂಗಿ ಹೇಳುತ್ತಿದ್ದಾರೆ, ಮೂರು ದಿನವೂ ಸಾಲದೆಂದಿದ್ದಾರೆ.

ಶುಕ್ರವಾರ ಹಡಗು ಬಂದು ಹೋಯಿತಂತೆ. ನನಗೆ ನೆನಪೇ ಆಗಲಿಲ್ಲ. ವೇಡ್ ಗೇಟಿನಲ್ಲಿ ಕಾದು ನಾಲ್ಕು ಸಲ ಫೋನ್ ಮಾಡಿದ್ದಾನೆ. ಫೋನು ಹೆಟ್ಟಿಯ ಬಣ್ಣದ ಕಡ್ಡಿಗಳ ಡಬ್ಬಿಯಲ್ಲಿತ್ತು. ಇಂದು ಫೋನಿನಲ್ಲಿ ಸಿಕ್ಕಾಗ ಕೋಪ ಮಾಡಿಕೊಂಡಿರಲಿಲ್ಲ, ಸ್ವಲ್ಪ ಪೆಚ್ಚಾಗಿದ್ದ. ನಮ್ಮ ಕೋಣೆಯನ್ನು ಇರ್ಮಾರಿಗೆ ಕೊಟ್ಟಿದ್ದನ್ನು ಹೇಳಿದೆ.

"ಹಾಗಾದ್ರೆ ಜನವರಿಗೆ ನಾನೆಲ್ಲಿ ಮಲಗೋದು?" ಎಂದು ಕೇಳಿದ.

ಸೋಫಾ ಇಬ್ಬರಿಗೆ ಸಾಲದು. ಅದನ್ನು ನಾನು ಯೋಚಿಸಿಯೇ ಇರಲಿಲ್ಲ. "ಜನವರಿಗೆ ನೋಡೋಣ," ಎಂದೆ. "ಬರ್ತಾ ಗೋಂದು ತಗೊಂಡು ಬಾ. ದೊಡ್ಡ ಬಾಟಲಿ."

ಇನ್ನೂ ಏನೋ ಬರೆಯಬೇಕೆಂದಿದ್ದೆ. ಕೋಣೆಯಿಂದ ಹೆಟ್ಟಿ "ಬಾ" ಎಂದು ಕೂಗುತ್ತಿದ್ದಾಳೆ. ಇರ್ಮಾ ಅವಳ ಪಕ್ಕದಲ್ಲೇ ಇದ್ದಾರಲ್ಲ, ಅವರನ್ನೇ ಇರಬೇಕು ಎಂದು ನಾನು ಇದನ್ನು ಬರೆಯುತ್ತಲೇ ಇದ್ದೆ. ಮತ್ತೆ ಕೂಗಿದಳು.

"ಕಿವಿ ಕೇಳಿಸಲ್ವೇನೆ," ಎಂದರು ಇರ್ಮಾ ಒಳಗಿನಿಂದ. "ನಾನಿಲ್ಲೇ ಇದ್ದೀನಿ. ನನ್ನನ್ನ ಯಾಕೆ ಬಾ ಅಂತ ಕರೀತಾಳೆ."